ನಾವೇ ಸೇದಿ ಕೊಡ್ತೀವಲ್ಲ!

ತೀರ್ಥಹಳ್ಳಿ ಕಡೆಯ ನೆಂಟರ ಮನೆಯಿಂದ ಈಗಷ್ಟೇ ಬಂದೆ. ಹೊಟ್ಟೆ ತುಂಬ ಕಡುಬು, ತಲೆ ತುಂಬ ಸಿಟ್ಟು. ಬರೆಯದೆ ನಿದ್ದೆ ಬರೋದಿಲ್ಲ, ಸಹಿಸಿಕೊಳ್ಳಿ.

ತೋಟಕ್ಕೆ ಮಣ್ಣು ಹೊರೋಕೆ ದಲಿತರ ಕೇರಿಯಿಂದ ಹೆಂಗಸರು ಬಂದಿದ್ದರು. ಸುಡು ಮಧ್ಯಾಹ್ನ. ಅಂಗಳದಲ್ಲೇ ಬಾವಿ, ರಾಟೆ, ಹಗ್ಗ, ಕೊಡಪಾನ. ಅವರು ಮಾತ್ರ ನಾಲ್ಕು ಮಾರು ದೂರದಲ್ಲಿ ಖಾಲಿ ಬಾಟಲಿ ಹಿಡಿದು ನಿಂತಿದ್ದಾರೆ. ಒಳಗಿನವರು ಊಟ ಮುಗಿಸಿ ಬರಬೇಕು, ಸೇದಬೇಕು, ತಂಬಿಗೆ ತಾಗದ ಹಾಗೆ ಮೇಲಿಂದ ಸುರಿಯಬೇಕು. ಅರ್ಧ ನೀರು ನೆಲದ ಪಾಲು. ಕೇಳಿದ್ದಕ್ಕೆ ಮಾವ, "ಯಾವ ಕಾಲದಲ್ಲಿದೀಯ ಮಾರಾಯ? ಈಗ ಯಾರು ಜಾತಿ ನೋಡ್ತಾರೆ? ನಾವೇ ಸೇದಿ ಕೊಡ್ತೀವಲ್ಲ!" ಅಂದರು.

ಸೇದಿ ಕೊಡ್ತಾರಂತೆ! ಆ ಬಾವಿ ತೋಡಿದ್ದು ಕೇರಿಯವರ ಅಜ್ಜಂದಿರು. ಬೇಸಿಗೆಯಲ್ಲಿ ಕೆಸರೆತ್ತೋಕೆ ಇಳಿಯೋದು ಅವರ ಗಂಡಂದಿರು. ಬಾವಿಯ ತಳ ಮುಟ್ಟಬಹುದು, ಹಗ್ಗ ಮುಟ್ಟಬಾರದು. ಯಾವ ಪಂಚಾಂಗದಲ್ಲಿದೆಯೋ ಈ ಶಾಸ್ತ್ರ.

"ಸ್ವಂತ ಬಾವಿ, ನಮ್ಮಿಷ್ಟ" ಅನ್ನೋ ವಾದವೂ ಬಂತು. ಸರಿ, ಹಾಗಾದ್ರೆ ಬೆಳಿಗ್ಗೆ ನನಗೆ, ಆಚೆಮನೆ ಹುಡುಗನಿಗೆ ಹಗ್ಗ ಕೊಟ್ಟಿದ್ದು ಯಾಕೆ? ಕೇರಿಗೆ ನಲ್ಲಿ ಬಂದಿದೆಯಲ್ಲ ಅಂತ ಇನ್ನೊಬ್ಬರು. ಬಂದಿದೆ. ಮನೆ ಮನೆಗೆ ನಲ್ಲಿ ಕೊಡೋ ಸರ್ಕಾರದ ಜಲ ಜೀವನ್ ಯೋಜನೆ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಪೈಪಿನ ಕೊನೆಯಲ್ಲಿರೋ ಕೇರಿಗೆ ಈಗ ಬರೋದು ಬರೀ ಗಾಳಿ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯೋ ಆಗುಂಬೆ ಇರೋ ತಾಲ್ಲೂಕಿದು. ಈ ಹೆಂಗಸರು ಹಳ್ಳದ ಮರಳು ಬಗೆದು ಒರತೆ ನೀರು ಕುಡೀತಾರೆ, ದನ ಕುಡಿಯೋ ಜಾಗದಲ್ಲೇ.

1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರಿಗೆ ಮುಟ್ಟಗೊಡದಿದ್ದ ಚವದಾರ ಕೆರೆಯಲ್ಲಿ ಬೊಗಸೆ ನೀರು ಕುಡಿದರು. ಕೆರೆ ಎಲ್ಲರದು ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದರೂ ಕುಡಿದವರಿಗೆ ಏಟು ಬಿತ್ತು, ಶುದ್ಧಿ ಅಂತ ಕೆರೆಗೆ ಪಂಚಗವ್ಯ ಬಿತ್ತು. ಅಲ್ಲೂ ಯಾರೋ ಒಬ್ಬ ಮಾವ "ಸೇದಿ ಕೊಡ್ತಿದ್ವಲ್ಲ" ಅಂದಿರಬೇಕು.

ನಾನೇನು ಸಾಚಾ ಅಲ್ಲ. ಹತ್ತು ವರ್ಷದವನಿದ್ದಾಗ ಇದೇ ಅಂಗಳದಲ್ಲಿ ತೆಂಗಿನ ಚಿಪ್ಪಿಗೆ ಮೇಲಿಂದ ನೀರು ಸುರಿದಿದ್ದೇನೆ. ತಾಗಿಸದೆ, ಚೆಲ್ಲದೆ ಸುರಿದೆ ಅಂತ ಅಜ್ಜಿ ಶಹಬ್ಬಾಸ್ ಅಂದಿದ್ದಳು. ಹಿಗ್ಗಿದ್ದೆ.

ಇವತ್ತು ಅದನ್ನೆಲ್ಲ ತೊಳೆದುಕೊಳ್ಳೋನ ಹಾಗೆ ಹಗ್ಗ ಚಾಚಿ, "ಬನ್ನಿ ಅಕ್ಕ, ನೀವೇ ಸೇದ್ಕೊಳ್ಳಿ" ಅಂದೆ. ಆಕೆ ಮಾವನ ಕಡೆ ಒಮ್ಮೆ ನೋಡಿ, ಮೆಲ್ಲಗೆ, "ಬ್ಯಾಡಿ ಅಯ್ಯಾ. ನೀವು ಸಂಜೆ ಬಸ್ಸಿಗೆ ಹೋಗೋರು. ನಾವು ನಾಳೆನೂ ಇಲ್ಲಿಗೇ ಬರೋರು" ಅಂದಳು.

ಐದೂವರೆ ಬಸ್ಸಿಗೆ ಬಂದೆ.