ಟೈಸನ್‌ಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು

ಟೈಸನ್ ಎಂಬ ನಾಯಿಯ ಹುಟ್ಟುಹಬ್ಬಕ್ಕೆ ನಮ್ಮ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ ಫ್ಲೆಕ್ಸ್ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಕೊಡಗಿನ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಅದು ಎರಡೆರಡು ಸುತ್ತು ಹಾಕಿ ಬಂದಿದೆ. ದುಬೈಯಲ್ಲಿರುವ ನನ್ನ ಭಾವನೂ ಅದನ್ನು ನನಗೇ ಕಳಿಸಿ, ‘ಇದು ನಿಮ್ಮೂರಾ?’ ಎಂದು ಕೇಳಿದರು. ಹೌದು ಭಾವ, ನಮ್ಮೂರೇ. ಕರಿ ಕನ್ನಡಕ, ಕೊರಳಲ್ಲಿ ಚಿನ್ನದ ಬಣ್ಣದ ಸರ, ತಲೆ ಹಿಂದೆ ಸೂರ್ಯನ ಕಿರಣ. ಮಧ್ಯದಲ್ಲಿ ನಾಲಿಗೆ ಚಾಚಿದ ಟೈಸನ್. ಕೆಳಗೆ ‘ಶುಭ ಕೋರುವವರು’ ಎಂದು ಹದಿನಾಲ್ಕು ಮುಖ. ಅದರಲ್ಲಿ ಇಬ್ಬರು ಹೋದ ವರ್ಷದಿಂದ ನನಗೆ ದುಡ್ಡು ಕೊಡಬೇಕು.

ನಾಯಕರಿಗೂ ನಾಯಿಗೂ ಎಷ್ಟು ಅಕ್ಷರ ವ್ಯತ್ಯಾಸ ಎಂಬ ಜೋಕನ್ನು ಊರವರೆಲ್ಲ ಮಾಡಿ ಮುಗಿಸಿದ್ದಾರೆ. ನಾನು ಮಾಡಲ್ಲ. ಟೈಸನ್ ಕಡೆಯವರಿಗೆ ಬೇಜಾರಾಗಬಹುದು.

ನನಗೆ ಇಷ್ಟವಾದದ್ದು ಫ್ಲೆಕ್ಸ್ ಕಟ್ಟಿದ ಜಾಗ. ಕರ್ನಾಟಕದಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರ ಮಾರ್ಚಿನಲ್ಲಿ. ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆ, ಬ್ಯಾನರು, ಬಂಟಿಂಗು ಎಲ್ಲ ಒಂದೇ ಆದೇಶದಲ್ಲಿ ಹೋದವು. ಹೋದವು ಅಂದರೆ, ಕಾಗದದಲ್ಲಿ ಹೋದವು. ಇನ್ನು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆಯಿರಿ ಎಂದಿತು. ಈಗ ನಮ್ಮ ಬಸ್ ಸ್ಟ್ಯಾಂಡಿಗೆ ಬನ್ನಿ. ಇರಬಾರದ ಫ್ಲೆಕ್ಸು ಮೇಲಿದೆ. ಇರಬಾರದ ನಾಯಿಗಳು ಮಳೆಗೆ ಹೆದರಿ ಅದರ ಕೆಳಗೆ ಮಲಗಿವೆ. ಎರಡು ಆದೇಶ ಒಂದಕ್ಕೊಂದು ನೆರಳಾಗಿ ನಿಂತಿರುವುದು ನಿಮಗೆ ಬೇರೆ ಜಿಲ್ಲೆಯಲ್ಲಿ ಸಿಗಲ್ಲ. ನಮ್ಮಲ್ಲಿ ಪ್ರವಾಸೋದ್ಯಮ ಸುಮ್ನೆ ಬೆಳೆದಿದ್ದಲ್ಲ.

ಟೈಸನ್‌ಗೆ ಈಗ ಒಂದು ವರ್ಷ ತುಂಬಿತು. ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ ಎಂಬ ಲೆಕ್ಕ ತಪ್ಪಂತೆ. 2020ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಲ್ಯಾಬ್ರಡಾರ್‌ಗಳ ಡಿಎನ್‌ಎ ನೋಡಿ ಬೇರೆ ಲೆಕ್ಕ ಕೊಟ್ಟಿದ್ದಾರೆ. ಅದರ ಪ್ರಕಾರ ಒಂದು ವರ್ಷದ ನಾಯಿಗೆ ಮನುಷ್ಯರ ಮೂವತ್ತೊಂದು. ಮೂವತ್ತೊಂದು ದಾಟಿದ ಕಾಫಿ ಬೆಳೆಗಾರರ ಗಂಡುಮಕ್ಕಳು ಹೆಣ್ಣು ಸಿಗದೆ ಕೂತಿರುವ ಜಿಲ್ಲೆ ಇದು. ಟೈಸನ್‌ಗೆ ಮಾತ್ರ ಆಗಲೇ ಮೈಸೂರಿನಿಂದ ಸಂಬಂಧ ಬಂದಿದೆಯಂತೆ, ಹೆಣ್ಣಿನ ಕಡೆಯವರೇ ದುಡ್ಡು ಕೊಟ್ಟು.

ಇಷ್ಟರಲ್ಲಿ ಬೆಂಗಳೂರಿನಿಂದ ಅಕ್ಕನ ಮಗಳ ಫೋನು.

‘ಮಾವ, ಬ್ರೂನೋ ಬರ್ತ್‌ಡೇ ಬರ್ತಿದೆ. ನೀವು ಪೇಪರಿಗೆಲ್ಲ ಬರೀತೀರಲ್ಲ, ಒಂದು ಕ್ರಿಯೇಟಿವ್ ಕಾರ್ಡ್ ಮಾಡಿ ಕಳ್ಸಿ. ಅಂಗಡೀದು ಬೇಡ.’

‘ಕಾರ್ಡು ನಿನಗಾ ಮಗಾ, ನಾಯಿಗಾ?’

‘ನಾಯಿ ಅನ್ಬೇಡಿ ಮಾವ. ಸ್ಪೀಕರಲ್ಲಿದೆ.’

ಹೋದ ವರ್ಷ ನನಗೆ ಅರವತ್ತು ತುಂಬಿದಾಗ ಇದೇ ಹುಡುಗಿ ಒಂದು ಕೇಕಿನ ಚಿತ್ರ ಕಳಿಸಿದ್ದಳು. ಚಿತ್ರ ಅಂದರೆ ಆ ಬೆರಳುಗುರಿನಷ್ಟು ಇರುತ್ತಲ್ಲ, ಅದು. ಇರಲಿ, ಕರುಳ ಸಂಬಂಧ. ಬ್ರೂನೋ ಹುಟ್ಟಿದ್ದು ಆಗಸ್ಟ್ 3ಕ್ಕೆ. ನಮ್ಮ ಕೊಡಗಿನ ಲೆಕ್ಕದಲ್ಲಿ ಕಕ್ಕಡ ತಿಂಗಳ ಹದಿನೆಂಟು. ಕಕ್ಕಡದಲ್ಲಿ ಶುಭಕಾರ್ಯ ಮಾಡಲ್ಲ ಎಂದೆ. ‘ಅದೆಲ್ಲ ಮನುಷ್ಯರಿಗೆ ಮಾವ’ ಎಂದಳು. ಉತ್ತರ ಹೊಳೆಯಲಿಲ್ಲ.

ಸರಿ, ಮೊಬೈಲಿನಲ್ಲಿ ಹುಡುಕಿದೆ. ಐಡಿಯಾಗಳಿಗೆ ಬರವೇ ಇಲ್ಲ. ಮರಿಯಿಂದ ಈವರೆಗಿನ ಫೋಟೋಗಳನ್ನು ಮಡಿಕೆ ಮಡಿಕೆಯಾಗಿ ಅಂಟಿಸಿದ ಕಾರ್ಡು. ಮಣ್ಣಿಗೆ ಹಾಕಿದರೆ ಗಿಡ ಬರುವ ಬೀಜದ ಕಾರ್ಡು. ಕೊಡಗಿನ ಮಳೆಯಲ್ಲಿ ಯಾವ ಕಾರ್ಡನ್ನು ಹೊರಗಿಟ್ಟರೂ ಏನಾದರೊಂದು ಮೊಳೆಯುತ್ತದೆ, ಅದಕ್ಕೆ ಬೀಜ ಬೇಡ. ನಾಯಿ ಕಡಿದು ತಿನ್ನಬಹುದಾದ ಕಾರ್ಡೂ ಇದೆ. ನಮ್ಮ ಮನೆ ಕರಿಯನ ಪಾಲಿಗೆ ಎಲ್ಲ ಕಾಗದವೂ ಆ ಜಾತಿಯದೇ, ಆರ್‌ಟಿಸಿ ಸಮೇತ.

ನಾಯಿಯ ಪಾದದಚ್ಚು ಒತ್ತಿದ ಕಾರ್ಡು ನನಗೆ ಹಿಡಿಸಿತು. ಅಂಗಡಿ ಬಣ್ಣ ಯಾಕೆ? ಕಕ್ಕಡದಲ್ಲಿ ಮದ್ದುಸೊಪ್ಪು ಇದೆಯಲ್ಲ! ಎಲೆ ಬೇಯಿಸಿದರೆ ನೇರಳೆ ಬಣ್ಣದ ರಸ. ಅದರಲ್ಲಿ ಪಾಯಸ ಮಾಡುವುದು, ಮಾರನೇ ದಿನ ಮೂತ್ರ ಕೆಂಪಾದರೆ ಹೊಸ ನೆಂಟರು ಹೆದರಿ ಡಾಕ್ಟರಿಗೆ ಫೋನ್ ಮಾಡುವುದು, ನಮಗೆ ಮಾಮೂಲು. ರಸ ಮಾಡಿದೆ. ಪ್ರಯೋಗಕ್ಕೆ ಕರಿಯನ ಮುಂಗಾಲು ಅದ್ದಿದೆ. ಕಾರ್ಡಿನ ಮೇಲೆ ಒಂದೂ ಅಚ್ಚು ಬೀಳಲಿಲ್ಲ. ಜಗುಲಿ ಮೇಲೆ ಹದಿನೇಳು, ಒಗೆದು ಒಣಹಾಕಿದ್ದ ಪಂಚೆ ಮೇಲೆ ನಾಲ್ಕು. ‘ಈ ಮಳೆಯಲ್ಲಿ ಬಟ್ಟೆ ಒಣಗೋದಿಕ್ಕೆ ಎಷ್ಟು ದಿನ ಬೇಕು ಗೊತ್ತಾ ನಿಮಗೆ?’ ಎಂದು ಹೆಂಡತಿ ಕೇಳಿದಳು. ಗೊತ್ತಿತ್ತು, ಹೇಳಲಿಲ್ಲ.

ಇನ್ನೊಂದು ಐಡಿಯಾ, ನಾಯಿಯೇ ಯಜಮಾನರಿಗೆ ಬರೆದಂತೆ ಪತ್ರ ಬರೆಯುವುದು. ‘ನನ್ನನ್ನು ಪ್ರೀತಿಸಿದ್ದಕ್ಕೆ ಥ್ಯಾಂಕ್ಯೂ ಅಮ್ಮಾ’ ಅಂತ ಶುರುವಾಗುತ್ತವೆ ಎಲ್ಲವೂ. ಕರಿಯ ಬರೆದರೆ ಹೇಗಿರುತ್ತೆ ಎಂದು ಯೋಚಿಸಿದೆ.

‘ಯಜಮಾನರೇ, ಮೊನ್ನೆ ರಾತ್ರಿ ಒಂದೂವರೆಗೆ ಕೆರೆ ಕಡೆಯಿಂದ ಆನೆ ಬಂತು. ನಾನು ಬೊಗಳಿದೆ. ನೀವು ಕಿಟಕಿ ತೆಗೆದು ಸುಮ್ನಿರೋ ಎಂದು ಬೈದಿರಿ. ನಾನು ಸುಮ್ಮನಾದೆ. ಬೆಳಿಗ್ಗೆ ಬಾಳೆ ಇರಲಿಲ್ಲ. ಆಗಲೂ ನನಗೇ ಬೈದಿರಿ. ಆನೆ ಬಂದರೆ ಬೊಗಳಬೇಕಾ ಬೇಡವಾ ಎಂದು ಒಮ್ಮೆ ತೀರ್ಮಾನಿಸಿ ತಿಳಿಸಿ. ನನ್ನ ಮುಂಚೆ ಇದ್ದ ಬಿಳಿಯ ಎಲ್ಲಿ ಹೋದ ಎಂದು ಕೇಳಿದ್ದೆ, ನೀವು ಹೇಳಲಿಲ್ಲ. ಚಿರತೆ ಎಂದು ಕೋಳಿಗಳು ಮಾತಾಡಿಕೊಳ್ಳುತ್ತಿದ್ದವು. ನನ್ನ ಹುಟ್ಟಿದ ದಿನ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪರವಾಗಿಲ್ಲ. ಭಾನುವಾರದ ಪಂದಿಕರಿಯ ಮೂಳೆ ಮರೆಯಬೇಡಿ.’

ಇದನ್ನು ಕಳಿಸಿದರೆ ಅಕ್ಕನ ಮಗಳು ಮಾತು ಬಿಡುತ್ತಾಳೆ.

ನಿಜ ಹೇಳಬೇಕೆಂದರೆ ನಾಯಿಗೆ ಕಾರ್ಡು ಮಾಡುವವರು ಯಾರೂ ನಾಯಿಯನ್ನು ವಿಚಾರಿಸಿದಂತಿಲ್ಲ. ನಾಯಿಗೆ ಚೆನ್ನಾಗಿ ಕಾಣುವುದು ನೀಲಿ ಮತ್ತು ಹಳದಿ. ಕೆಂಪು ಅದಕ್ಕೆ ಮಬ್ಬು ಕಂದು. ಟೈಸನ್ ಫ್ಲೆಕ್ಸಿನ ಆ ಕೆಂಪು ಅಕ್ಷರ, ಕೆಂಪು ಹೃದಯ, ಕೆಂಪು ರಿಬ್ಬನ್ ಎಲ್ಲ ಟೈಸನ್ ಮಟ್ಟಿಗೆ ದಂಡ. ಅದು ಲೋಕವನ್ನು ಓದುವುದು ಮೂಗಿನಿಂದ. ಪ್ರೀತಿ ಇದ್ದರೆ ಬಿಳಿ ಕಾಗದಕ್ಕೆ ಒಣಮೀನು ತಿಕ್ಕಿ ಕೊಡಿ. ಮೂರು ದಿನ ಓದುತ್ತದೆ. ಆದರೆ ಅದರ ಫೋಟೋ ತೆಗೆದು ಹಾಕಿದರೆ ಯಾರು ಲೈಕ್ ಒತ್ತುತ್ತಾರೆ? ಟೈಸನ್ ಪಾರ್ಟಿಯ ವಿಡಿಯೋ ನೋಡಿದಿರಲ್ಲ, ಮೂರಂತಸ್ತಿನ ಚಾಕೊಲೇಟ್ ಕೇಕು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ. ಹದಿನಾಲ್ಕು ಜನ ಶುಭ ಕೋರುವವರು ಸೇರಿ ಹಾಡು ಹೇಳುತ್ತಾ ಅದರ ಬಾಯಿಗೆ ತುರುಕುತ್ತಿದ್ದರು. ಟೈಸನ್ ಮುಖ ತಿರುಗಿಸಿತು. ಗುಂಪಿನಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೆ.

ಕಾರ್ಡನ್ನು ತಲುಪಿಸುವವರು ಯಾರು ಎಂದೂ ಯಾರೂ ಯೋಚಿಸಿಲ್ಲ. ಪೋಸ್ಟ್‌ಮ್ಯಾನ್! ನಮ್ಮ ಪೋಸ್ಟ್‌ಮ್ಯಾನ್ ತೋಟದ ಗೇಟಿನ ಹೊರಗೇ ನಿಂತು ಹಾರ್ನ್ ಹೊಡೆಯುತ್ತಾರೆ. ಕರಿಯ ಅವರ ಖಾಕಿ ಪ್ಯಾಂಟಿನ ಮೇಲೆ ಎರಡು ಸಲ ಸಹಿ ಮಾಡಿದ್ದಾನೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ಕರಿಯ ಅಟ್ಟಿಸಿಕೊಂಡು ಹೋದಾಗಿನ ಸ್ಪೀಡ್ ನೋಡಿಯೇ ಆ ಹೆಸರು ಉಳಿಸಿಕೊಂಡಿರಬೇಕು.

ನನ್ನದೂ ಒಂದು ಐಡಿಯಾ ಇದೆ. ಕಿಟಕಿ ಇರುವ ಕಾರ್ಡು. ನಾಲ್ಕು ಸಣ್ಣ ಕಿಟಕಿ, ಮೇಲೆ ಒಂದೊಂದು ಅಂಕಿ: 0, 3, 7, 28. ಆಯಾ ದಿನ ಆಯಾ ಕಿಟಕಿ ತೆರೆಯಬೇಕು. ನಾಯಿ ಪ್ರಿಯರಿಗೆ ಇದೇನು ಎಂದು ತಕ್ಷಣ ಹೊಳೆಯಲಿಕ್ಕಿಲ್ಲ. ನಾಯಿ ಕಚ್ಚಿಸಿಕೊಂಡವರಿಗೆ ಹೊಳೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಚುಚ್ಚುವ ದಿನಗಳು ಅವು.

ನಮ್ಮ ಪಕ್ಕದ ತೋಟದ ಕೂಲಿಯವರ ಲೈನ್ ಮನೆಯ ಹುಡುಗ, ಮೂರನೇ ಕ್ಲಾಸು. ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದವನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿತು. ಎಲ್ಲಿ ಅಂದರೆ, ಹೌದು, ಅದೇ ಫ್ಲೆಕ್ಸಿನ ಕೆಳಗೆ. ಯಾರೋ ಗಾಯಕ್ಕೆ ಕಾಫಿಪುಡಿ ಮೆತ್ತಿದರು. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು ಎಂದು ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ಜೀಪಿನಲ್ಲಿ ಕರೆದುಕೊಂಡು ಹೋದೆವು. ಲಸಿಕೆ ಇತ್ತು. ರಕ್ತ ಬಂದ ಗಾಯಕ್ಕೆ ಲಸಿಕೆಯೊಂದೇ ಸಾಲದು, ಇಮ್ಯುನೋಗ್ಲೋಬುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಗಾಯದ ಸುತ್ತ ಕೊಡಬೇಕು. ಅದು ಇರಲಿಲ್ಲ. ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದರು. ಮಳೆ, ಕತ್ತಲು, ರಸ್ತೆಗೆ ಬಿದ್ದ ಮರ. ಹುಡುಗ ಅಳಲಿಲ್ಲ, ಅವನಮ್ಮ ಅತ್ತಳು. ಮೂರನೇ ದಿನ, ಏಳನೇ ದಿನ ಮತ್ತೆ ಆಸ್ಪತ್ರೆ. ಹೋದ ದಿನದ ಕೂಲಿ ಇಲ್ಲ.

ದೂರು ಕೊಡಲು ಹೋದೆ. ಇಲ್ಲಿ ಅಲ್ಲ, ಅಲ್ಲಿ ಎಂದರು. ಅಲ್ಲಿ ಹೋದರೆ ಟೆಂಡರ್ ಆಗಬೇಕು ಎಂದರು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಬಾಲಕ್ಕೆ ಆ ದಿನ ರಜೆ ಇತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಇದನ್ನು ಮೇಜಿನ ಆಚೆ ಕೂತವರಿಗೆ ನಾನು ಹೇಳಬೇಕಾಗಿ ಬಂತು. ಅವರಿಗೆ ಗೊತ್ತಿಲ್ಲ ಅಂತಲ್ಲ. ಗೊತ್ತು. ಮೇಜಿನ ಮೇಲೆ ಟೈಸನ್ ಹುಟ್ಟುಹಬ್ಬದ ಸ್ವೀಟ್ ಡಬ್ಬಿ ಇತ್ತು. ಒಂದು ತೆಗೆದುಕೊಳ್ಳಿ ಎಂದರು. ಏನಂತ ಬೈಯುವುದು? ಸಾಕಾಗಿದೆ.

ಹೋಗಲಿ, ಕಾರ್ಡಿಗೆ ಬರೋಣ.

ಕನ್ನಡದಲ್ಲಿ ನಾಯಿಗೆ ಬರೆದ ಅತಿ ಒಳ್ಳೆಯ ಕಾರ್ಡು ಕಲ್ಲಿನದು. ಮದ್ದೂರು ಹತ್ತಿರದ ಆತಕೂರಿನ ಶಾಸನ, ಕ್ರಿ.ಶ. 950ರ ಸುಮಾರಿನದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಚೆನ್ನಾಗಿ ಹೋರಾಡಿದ ಮಣಲೆರನಿಗೆ ಗಂಗರ ರಾಜ ಬೂತುಗ, ಏನು ಬೇಕೋ ಕೇಳು ಎಂದ. ಬೇರೆಯವರಾದರೆ ಊರು ಕೇಳುತ್ತಿದ್ದರು. ಇವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ಕಾಳಿಯೂ ಸತ್ತಿತು. ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದಾಡುವ ಚಿತ್ರ ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದೂ ಕೆತ್ತಿಸಿದರು. ನಾಯಿ ಏನು ಪಾಪ ಮಾಡಿತ್ತೋ! ಬಹುಶಃ ಯಾರದೋ ಪಂಚೆ.

ಹಂದಿ ಬೇಟೆಯ ನಾಯಿಗಳ ಕಥೆ ನಮ್ಮ ಅಜ್ಜಂದಿರ ಬಾಯಲ್ಲೂ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕಥೆ ಉಳಿಯಿತು. ಅಜ್ಜನಿಗೆ ತನ್ನ ನಾಯಿ ಹುಟ್ಟಿದ ತಾರೀಕು ಗೊತ್ತಿರಲಿಲ್ಲ, ಸತ್ತ ಜಾಗ ಗೊತ್ತಿತ್ತು. ಅಲ್ಲಿ ಕಾಫಿ ಗಿಡ ನೆಡಲು ಬಿಟ್ಟಿರಲಿಲ್ಲ. ಈಗಲೂ ನಾವು ನೆಟ್ಟಿಲ್ಲ.

ಈಗಿನವರಿಗೆ ತಾರೀಕು ಬಾಯಿಪಾಠ. ಮೂರು ವರ್ಷ ಕೇಕು ಕತ್ತರಿಸುತ್ತಾರೆ. ನಾಲ್ಕನೇ ವರ್ಷ ಮನೆ ಬದಲಾಗುತ್ತೆ, ಮಗು ಹುಟ್ಟುತ್ತೆ, ನಾಯಿಗೆ ಚರ್ಮರೋಗ ಬರುತ್ತೆ. ಆಗ ಒಂದು ಶನಿವಾರ ಕಾರು ನಮ್ಮ ಕಡೆ ಬರುತ್ತೆ. ಕಾಡಿನ ಅಂಚಿನ ರಸ್ತೆಯಲ್ಲಿ ಬಾಗಿಲು ತೆರೆದು ಮುಚ್ಚುತ್ತೆ. ಕೊರಳಲ್ಲಿ ಬೆಲ್ಟ್ ಇರುವ, ಮಳೆಗೆ ನಡುಗುವ, ಪ್ರತಿ ಕಾರಿನ ಹಿಂದೆಯೂ ಓಡುವ ನಾಯಿಗಳನ್ನು ನೀವೂ ನೋಡಿದ್ದೀರಿ. ಅವು ಜಾಸ್ತಿ ದಿನ ಓಡಬೇಕಾಗಿ ಬರುವುದಿಲ್ಲ. ಚಿರತೆಗೆ ತಳಿ ಗಿಳಿ ಎಂಬ ಭೇದ ಇಲ್ಲ.

ಕೊನೆಗೆ ನಾನು ಅಕ್ಕನ ಮಗಳಿಗೆ ಐವತ್ತು ಪೈಸೆಯ ಪೋಸ್ಟ್ ಕಾರ್ಡಿಗೆ ಒಣಮೀನು ತಿಕ್ಕಿ ಕಳಿಸಿದೆ. ಒಂದಕ್ಷರ ಬರೆಯಲಿಲ್ಲ, ವಿಳಾಸ ಮಾತ್ರ. ಪೋಸ್ಟಾಫೀಸಿನ ಬೆಕ್ಕನ್ನು ದಾಟಿ ಹೋಗಿದ್ದರೆ ತಲುಪಿರಬೇಕು.

ಫ್ಲೆಕ್ಸು ಹೋದ ವಾರದ ಗಾಳಿಗೆ ಕಿತ್ತು ಬಂತು. ಯಾವ ಅಧಿಕಾರಿಯೂ ಮುಟ್ಟಿರಲಿಲ್ಲ ಬಿಡಿ. ನಮ್ಮಲ್ಲಿ ಬಿದ್ದ ಫ್ಲೆಕ್ಸು ಮಾರನೇ ಬೆಳಗಿನತನಕ ಉಳಿಯುವುದಿಲ್ಲ. ಸೌದೆ ಮುಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ನಿನ್ನೆ ಹುಡುಗನನ್ನು 28ನೇ ದಿನದ ಸೂಜಿಗೆ ಕರೆದೊಯ್ಯಲು ಲೈನ್ ಮನೆಗೆ ಹೋಗಿದ್ದೆ. ಸೋರುವ ಮಾಡಿನ ಕೆಳಗೆ, ಹುಡುಗನ ಮಂಚದ ಸರಿಯಾಗಿ ಮೇಲೆ, ಕರಿ ಕನ್ನಡಕ ಹಾಕಿದ ಟೈಸನ್. ಚಿತ್ರದ ಕಡೆ ಕೆಳಗೆ ಬರುವಂತೆ ಕಟ್ಟಿದ್ದಾರೆ. ಹದಿನಾಲ್ಕು ಜನ ಶುಭ ಕೋರುವವರ ಮೇಲೆ ನೀರು ನಿಂತು ಹೊಟ್ಟೆ ಬಿಟ್ಟಿತ್ತು.

‘ಹೆದರಿಕೆ ಆಗಲ್ವೇನೋ?’ ಎಂದೆ.

‘ಇದು ಕಚ್ಚಲ್ಲ ಅಂಕಲ್’ ಎಂದ. ‘ಸೋರಲ್ಲ ಕೂಡ.’