ಅಜ್ಜಿಗೆ ಸಿಲಬಸ್ ಇಲ್ಲ

ಅಮೆರಿಕದ ಕಾಲೇಜು ಹುಡುಗ ಹುಡುಗಿಯರು ಸ್ಪ್ಯಾನಿಷ್ ಕಲಿಯೋಕೆ ಸ್ಪೇನಿನ ಸಲಾಮಾಂಕಾಕ್ಕೆ ಹೋಗುತ್ತಾರೆ. ಹೋಗಬೇಕಾದ ಊರೇ ಅದು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. ಆಗ ಕೊಲಂಬಸ್‌ನ ಅಜ್ಜನೂ ಹುಟ್ಟಿರಲಿಲ್ಲ. ಎಂಟು ನೂರು ವರ್ಷ ಪಾಠ ಹೇಳಿದ ಇಂಥ ಸಂಸ್ಥೆ ಕೊಟ್ಟ ಅಂಕಪಟ್ಟಿಯನ್ನು ತಂದು, ಈ ಓದನ್ನೂ ನಮ್ಮ ಡಿಗ್ರಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ ಅಂದರೆ, ಅಟ್ಲಾಂಟಿಕ್‌ನ ಆಚೆ ದಡದ ಅವರ ಕಾಲೇಜಿನ ಗುಮಾಸ್ತರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳುತ್ತಾರೆ: ‘ಈ ಕಾಲೇಜಿಗೆ ಮಾನ್ಯತೆ ಇದೆಯಾ?’

ಗುಮಾಸ್ತರ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ಕೈಗೆ ಕೊಟ್ಟಿರೋ ತಕ್ಕಡಿಯಲ್ಲಿ ಗಂಟೆಗಳನ್ನು ಮಾತ್ರ ತೂಗಬಹುದು. ಪಾಪ, ಭಾಷೆಯನ್ನು ತಂದು ಮುಂದಿಟ್ಟರೆ ಅವರು ತಾನೇ ಏನು ಮಾಡಿಯಾರು?

ತೂಕದ ಲೆಕ್ಕ ನೋಡಿ. ಯುರೋಪಿನಲ್ಲಿ ಓದನ್ನು ಅಳೆಯೋ ಮಾನಕ್ಕೆ ಇಸಿಟಿಎಸ್ ಕ್ರೆಡಿಟ್ ಅಂತಾರೆ. ಅಂಥ ಒಂದು ಕ್ರೆಡಿಟ್ ಅಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆ ದುಡಿಮೆ. ಕ್ಲಾಸು, ಹೋಮ್‌ವರ್ಕ್, ಪರೀಕ್ಷೆಗೆ ಓದಿದ್ದು ಎಲ್ಲ ಅದರಲ್ಲೇ ಸೇರುತ್ತದೆ. ಅಮೆರಿಕದಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಎರಡು ಗಂಟೆ ಹೊರಗಿನ ಓದು, ಹೀಗೆ ಸುಮಾರು 15 ವಾರ. ಒಟ್ಟು 45 ಗಂಟೆ. ಸಾಮಾನ್ಯವಾಗಿ ಯುರೋಪಿನ ಎರಡು ಕ್ರೆಡಿಟ್ ಕೊಟ್ಟರೆ ಅಮೆರಿಕದ ಒಂದು ಕ್ರೆಡಿಟ್ ಸಿಗುತ್ತದೆ. ಅಂದರೆ 50ರಿಂದ 60 ಗಂಟೆ ಕೊಟ್ಟು 45 ಗಂಟೆ ತಗೊಂಡು ಬರಬೇಕು. ಉಳಿದ ಗಂಟೆಗಳು ಎಲ್ಲಿ ಹೋದವು? ಸಮುದ್ರಕ್ಕೆ ಬಿದ್ದವೋ, ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡರೋ ಯಾರಿಗೂ ಗೊತ್ತಿಲ್ಲ. ಇನ್ನೊಂದು ಮಜಾ ಅಂದರೆ, ಅಮೆರಿಕದ ಆ ಒಂದು ಗಂಟೆಯ ಕ್ಲಾಸಿನಲ್ಲಿ ಹೆಚ್ಚಾಗಿ ಇರೋದು 50 ನಿಮಿಷ.

ಓದನ್ನು ಗಂಟೆಯಲ್ಲಿ ಅಳೆಯೋ ಈ ಪದ್ಧತಿ ಯಾರೋ ದೊಡ್ಡ ಶಿಕ್ಷಣತಜ್ಞರ ತಲೆಯಿಂದ ಬಂದಿರಬೇಕು ಅಂತ ಅನ್ನಿಸುತ್ತೆ ಅಲ್ವಾ? ಬಂದದ್ದು ಪಿಂಚಣಿಯಿಂದ. 1905ರಲ್ಲಿ ಉಕ್ಕಿನ ಧಣಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಮೇಷ್ಟರುಗಳ ಪಿಂಚಣಿಗೆ ಅಂತ ಒಂದು ಕೋಟಿ ಡಾಲರ್ ಕೊಟ್ಟರು. ಹಂಚಬೇಕಾದ ಪ್ರತಿಷ್ಠಾನಕ್ಕೆ ತಲೆನೋವು ಶುರುವಾಯಿತು. ಬೋರ್ಡು ಹಾಕಿಕೊಂಡದ್ದನ್ನೆಲ್ಲ ಕಾಲೇಜು ಅನ್ನೋಕಾಗುತ್ತಾ? ಹಾಗಾಗಿ ಹೈಸ್ಕೂಲಿನ ಓದನ್ನು ಗಂಟೆಯಲ್ಲಿ ಅಳೆದು ‘ಯೂನಿಟ್’ ಮಾಡಿದರು. ಒಂದು ವಿಷಯಕ್ಕೆ 120 ಗಂಟೆ ಕೂತರೆ ಒಂದು ಯೂನಿಟ್. ಅಂಥ 14 ಯೂನಿಟ್ ಇದ್ದವರನ್ನು ಸೇರಿಸಿಕೊಳ್ಳೋ ಕಾಲೇಜಿಗೆ ಮಾತ್ರ ಪಿಂಚಣಿ ಅಂದರು. ಕಾಲೇಜುಗಳು ಎದ್ದೆನೋ ಬಿದ್ದೆನೋ ಅಂತ ಓಡಿಬಂದು ಒಪ್ಪಿಕೊಂಡವು. ಕಾಲೇಜಿನ ಕ್ರೆಡಿಟ್ ಗಂಟೆಯೂ ಅದೇ ದಾರಿ ಹಿಡಿಯಿತು. ಇದು ಕಲಿಕೆಯನ್ನು ಅಳೆಯೋಕೆ ಮಾಡಿದ್ದೇ ಅಲ್ಲ ಅಂತ ಆ ಪ್ರತಿಷ್ಠಾನವೇ 2015ರ ವರದಿಯಲ್ಲಿ ಹೇಳಿಬಿಟ್ಟಿದೆ. ಮೇಷ್ಟರುಗಳ ಮುಪ್ಪಿಗೆ ಅಂತ ಹೊಲಿಸಿದ ಅಂಗಿಯನ್ನು ಮಕ್ಕಳು ನೂರು ವರ್ಷದಿಂದ ಹಾಕಿಕೊಂಡು ಓಡಾಡುತ್ತಿದ್ದಾರೆ.

ಅಂಕಗಳ ಕಥೆ ಬೇರೆ. ಸ್ಪೇನಿನಲ್ಲಿ ಹತ್ತಕ್ಕೆ ಐದು ಬಂದರೆ ಪಾಸು. ಏಳು ಬಂದರೆ ‘ನೊಟಾಬ್ಲೆ’, ಖುಷಿಪಡಬೇಕಾದ ಅಂಕ. ಒಂಬತ್ತು ಮುಟ್ಟಿದರೆ ‘ಸೊಬ್ರೆಸಾಲಿಯೆಂತೆ’. ಅದಕ್ಕೂ ಮೇಲೆ ‘ಮತ್ರಿಕುಲಾ ದೆ ಒನೋರ್’ ಅಂತ ಒಂದಿದೆ, ಅದನ್ನು ನೂರಕ್ಕೆ ಐದು ಜನಕ್ಕಿಂತ ಜಾಸ್ತಿ ಯಾರಿಗೂ ಕೊಡುವಂತಿಲ್ಲ. ಏಳು ತಂದ ಹುಡುಗಿ ಊರಿಗೆ ಬಂದಾಗ ಕ್ಯಾಲ್ಕುಲೇಟರ್ ಹಿಡಿದ ಯಾರಾದರೂ ‘ಎಪ್ಪತ್ತು ಪರ್ಸೆಂಟ್, ಸಿ ಗ್ರೇಡು’ ಅಂದುಬಿಟ್ಟರೆ ಗತಿಯೇನು? ಆ ಅನ್ಯಾಯ ಆಗಬಾರದು ಅಂತ ಬಹಳ ಕಡೆ ಒಳ್ಳೆಯ ಏರ್ಪಾಡು ಮಾಡಿದ್ದಾರೆ. ಗ್ರೇಡೇ ಹಾಕುವುದಿಲ್ಲ, ಕ್ರೆಡಿಟ್ ಮಾತ್ರ ಜಮಾ ಆಗುತ್ತದೆ. ರಾತ್ರಿಯಿಡೀ ಓದಿದವಳಿಗೂ ರಾತ್ರಿಯಿಡೀ ಕುಣಿದವನಿಗೂ ಒಂದೇ ಲೆಕ್ಕ.

ಇಷ್ಟೆಲ್ಲ ಕಷ್ಟ ಯಾಕೆ ಅನ್ನೋರಿಗೆ ಒಳದಾರಿಯೂ ಇದೆ. ಕಾಲೇಜ್ ಬೋರ್ಡ್ ಅನ್ನೋ ಅಮೆರಿಕದ ಪರೀಕ್ಷಾ ಸಂಸ್ಥೆ ನಡೆಸುವ ಕ್ಲೆಪ್ ಪರೀಕ್ಷೆ, ಕ್ಲಾಸಿಗೆ ಹೋಗದೆಯೇ ಕ್ರೆಡಿಟ್ ಗಳಿಸೋಕೆ. ಸುಮಾರು 90 ನಿಮಿಷ ಕಂಪ್ಯೂಟರ್ ಮುಂದೆ ಕೂತು, ಹೆಡ್‌ಫೋನಿನಲ್ಲಿ ಕೇಳಿ, ಪರದೆಯ ಮೇಲೆ ಓದಿ, ಸರಿ ಉತ್ತರ ಒತ್ತಿದರೆ ಆಯಿತು. 50 ಅಂಕ ಬಂದರೆ 6 ಕ್ರೆಡಿಟ್, 63 ಬಂದರೆ 9 ಕ್ರೆಡಿಟ್ ಕೊಡಬಹುದು ಅಂತ ಶಿಫಾರಸು ಇದೆ. ಕಾಲೇಜು ಒಪ್ಪಬೇಕು ಅಷ್ಟೆ. ಬಾಯಿ ಬಿಡುವ ಪ್ರಶ್ನೆ ಒಂದೂ ಇಲ್ಲ. 9 ಕ್ರೆಡಿಟ್ ಅಂದರೆ ಗುಮಾಸ್ತರ ತಕ್ಕಡಿಯಲ್ಲಿ 405 ಗಂಟೆ! ಸಲಾಮಾಂಕಾದಿಂದ ಬಂದವಳ ಹತ್ತು ನಿಮಿಷಕ್ಕೂ ಲೆಕ್ಕ ಕೇಳಿದ ಆಫೀಸು ಇಲ್ಲಿ ಒಂದೂವರೆ ಗಂಟೆಯನ್ನು 405 ಮಾಡಿಕೊಡುತ್ತದೆ. ಅದೂ ತುಟಿ ಪಿಟಕ್ಕೆನ್ನದೆ ಸ್ಪ್ಯಾನಿಷ್ ಗೆದ್ದವರಿಗೆ.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಅಜ್ಜಿಯ ವಿಷಯಕ್ಕೆ. ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ. ಅಂಥ ಮನೆಯ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಓಹಾಕಾದಲ್ಲಿರುವ ಅಜ್ಜಿ ಮನೆಗೆ ಹೋದಳು ಅಂದುಕೊಳ್ಳಿ. ಸಂತೆಯಲ್ಲಿ ಚೌಕಾಸಿ ಮಾಡಿದಳು. ಒಂದು ಮದುವೆಯಲ್ಲಿ ಹಾಡಿದಳು, ಒಂದು ಸಾವಿನಲ್ಲಿ ಅತ್ತಳು. ಕರೆಂಟ್ ಬಿಲ್ಲಿನ ವಿಷಯಕ್ಕೆ ಜಗಳವಾಡಿ ಗೆದ್ದು ಬಂದಳು. ಸಿಕ್ಕ ಕ್ರೆಡಿಟ್ ಸೊನ್ನೆ. ಅವಳ ರೂಮ್‌ಮೇಟ್ ಸ್ಪೇನಿಗೆ ಹೋಗಿ, ಬೆಳಗ್ಗೆ ಸಬ್‌ಜಂಕ್ಟಿವ್ ಅನ್ನೋ ವ್ಯಾಕರಣದ ಕ್ಲಾಸಿನಲ್ಲಿ ತೂಕಡಿಸಿ, ಸಂಜೆ ತನ್ನ ಊರಿನ ಗೆಳೆಯರ ಜೊತೆ ಇಂಗ್ಲಿಷಿನಲ್ಲಿ ಹರಟಿ ಬಂದಳು. 6 ಕ್ರೆಡಿಟ್.

ಹುಡುಗಿ ಸುಮ್ನೆ ಬಿಡುವವಳಲ್ಲ. ಅರ್ಜಿ ಹಾಕಿದಳು. ಸಮಿತಿ ಮರ್ಯಾದೆಯಿಂದಲೇ ಉತ್ತರ ಕೊಟ್ಟಿತು: ಬೋಧಕರ ಸಿಲಬಸ್ ಕಳಿಸಿ. ಅಜ್ಜಿ ಕನ್ನಡಕ ಹಾಕಿಕೊಂಡು ಕೂತು ಬರೆದುಕೊಟ್ಟಳು. ಬೋಧಕರ ಅರ್ಹತೆ: ಏಳು ಮಕ್ಕಳನ್ನು ಸ್ಪ್ಯಾನಿಷ್‌ನಲ್ಲೇ ಬೈದು ಬೆಳೆಸಿದ ಅನುಭವ. ತರಗತಿಯ ವೇಳೆ: ಎದ್ದಾಗಿನಿಂದ ಮಲಗುವ ತನಕ. ಮೌಲ್ಯಮಾಪನ: ತಪ್ಪು ಮಾತಾಡಿದರೆ ಓಣಿಯೆಲ್ಲ ನಗುತ್ತದೆ. ಎಂಟನೇ ವಾರದ ಪಾಠ: ಎದುರಿಗೇ ಕೂತಿರುವ ಚಿಕ್ಕಮ್ಮನ ಬಗ್ಗೆ ಚಿಕ್ಕಮ್ಮನಿಗೆ ಗೊತ್ತಾಗದ ಹಾಗೆ ಮಾತಾಡುವುದು. ಶುಲ್ಕ: ಇಲ್ಲ.

ಸಮಿತಿಗೆ ಅನುಮಾನ ಬಂದದ್ದು ಆ ಕೊನೆಯ ಸಾಲಿನಲ್ಲಿ. ವಿದ್ಯಾರ್ಥಿ ಪರದೇಶದಲ್ಲಿ ಓದುತ್ತಿದ್ದರೂ ತಮ್ಮ ಪೂರ್ತಿ ಫೀಸನ್ನೇ ವಸೂಲಿ ಮಾಡುವ ವಿಶ್ವವಿದ್ಯಾಲಯಗಳೂ ಇವೆ. ದುಡ್ಡು ತಗೊಳ್ಳದೆ ಕಲಿಸುವ ಸಂಸ್ಥೆಯನ್ನು ಯಾರು ನಂಬುತ್ತಾರೆ?

ಆದರೂ ಅರ್ಜಿಯನ್ನು ತಳ್ಳಿಹಾಕಲಿಲ್ಲ. ಒಂದು ಸಣ್ಣ ಕೊರತೆ ಇದೆ ಅಂದರು. ಸಿಲಬಸ್ ಸ್ಪ್ಯಾನಿಷ್‌ನಲ್ಲಿದೆ, ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಸಮಿತಿಯಲ್ಲಿ ಕೂತಿದ್ದ ಮೂವರೂ ಸ್ಪ್ಯಾನಿಷ್ ಪ್ರೊಫೆಸರುಗಳೇ, ಆದರೆ ನಿಯಮ ನಿಯಮವೇ. ಹುಡುಗಿ ಅಲ್ಲೇ ಪೆನ್ನು ತೆಗೆದು, ‘ಈಗಲೇ ಮಾಡಿಕೊಡ್ತೀನಿ’ ಅಂದಳು. ಅದು ಆಗುವುದಿಲ್ಲ ಅಂದರು. ಆಕೆಗೆ ಸ್ಪ್ಯಾನಿಷ್ ಬರುತ್ತದೆ ಅನ್ನೋದಕ್ಕೆ ದಾಖಲೆ ಇರಲಿಲ್ಲ.