ಸಿ++ ಸ್ಟ್ಯಾಂಡರ್ಡನ್ನು ಸಿಮೇಕ್ ಫೈಲಿನಲ್ಲೇ ಬರೆದುಬಿಡಬೇಕೇ?

ಪರ: ಬರೆಯಲೇಬೇಕು, ಮೂರು ಸಾಲು ಸಾಕು

ಸ್ಟ್ಯಾಂಡರ್ಡ್ ಎಂದರೆ ಸಿ++ ಭಾಷೆಯ ಆವೃತ್ತಿ; ಸಿಮೇಕ್ ಎಂದರೆ ಸೋರ್ಸನ್ನು ಹೇಗೆ ಕಂಪೈಲ್ ಮಾಡಬೇಕೆಂದು ತನ್ನ ಫೈಲಿನಿಂದ ಓದಿ ಬಿಲ್ಡ್ ಸಜ್ಜು ಮಾಡುವ ಸಲಕರಣೆ. ಸ್ಟ್ಯಾಂಡರ್ಡ್ ಬರೆಯದೆ ಬಿಟ್ಟರೆ ಕಂಪೈಲರ್ ತನ್ನದೊಂದನ್ನು ಹಾಕಿಕೊಳ್ಳುತ್ತದೆ. ಜಿಸಿಸಿ ಕಂಪೈಲರಿನ 6ರಿಂದ 10ನೇ ಆವೃತ್ತಿಯವರೆಗೆ ಅದು ಸಿ++14, 2021ರಲ್ಲಿ ಬಂದ ಜಿಸಿಸಿ 11ರಲ್ಲಿ ಸಿ++17. ಕ್ಲ್ಯಾಂಗ್ ಕಂಪೈಲರ್ ಸಿ++17ಕ್ಕೆ ಬಂದದ್ದು ತನ್ನ 16ನೇ ಆವೃತ್ತಿಯಲ್ಲಿ. ವಿಷುವಲ್ ಸ್ಟುಡಿಯೋ 2022 ಹೇಳದಿದ್ದರೆ 14ರಲ್ಲೇ ಕೂತಿರುತ್ತದೆ. ಹಾಗಾಗಿ ಒಂದೇ ಸೋರ್ಸ್ ಉಬುಂಟು 20.04ರಲ್ಲಿ ಒಂದು ಭಾಷೆ, 22.04ರಲ್ಲಿ ಇನ್ನೊಂದು ಭಾಷೆ.

ಪ್ರಾಜೆಕ್ಟ್ ಸಾಲಿನ ಕೆಳಗೆ ಮೂರು ಸಾಲು ಹಾಕಿ: ಸಿಮೇಕ್_ಸಿಎಕ್ಸ್‌ಎಕ್ಸ್_ಸ್ಟ್ಯಾಂಡರ್ಡ್ 17, ಅದರದೇ ‘ರಿಕ್ವೈರ್ಡ್’ ಆನ್, ‘ಎಕ್ಸ್‌ಟೆನ್ಷನ್ಸ್’ ಆಫ್. ಜಾಗ ಮುಖ್ಯ. ಈ ವೇರಿಯಬಲ್‌ಗಳನ್ನು ಸಿಮೇಕ್ ಓದುವುದು ಟಾರ್ಗೆಟ್ (ಕಟ್ಟಬೇಕಾದ ಲೈಬ್ರರಿ ಅಥವಾ ಆ್ಯಪ್) ಹುಟ್ಟುವ ಗಳಿಗೆಯಲ್ಲಿ ಮಾತ್ರ. ಆ್ಯಡ್_ಲೈಬ್ರರಿ ಆದಮೇಲೆ ಬರೆದರೆ ಆ ಲೈಬ್ರರಿಗೆ ಏನೂ ತಟ್ಟುವುದಿಲ್ಲ, ಒಂದು ವಾರ್ನಿಂಗ್ ಕೂಡ ಬರುವುದಿಲ್ಲ.

ಬಹಳ ಜನ ಮೊದಲ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ‘ರಿಕ್ವೈರ್ಡ್’ ಇಲ್ಲದಿದ್ದರೆ 17 ಎಂಬುದು ಬರೀ ಕೋರಿಕೆ. ಕಂಪೈಲರಿಗೆ ಆಗದಿದ್ದರೆ ಸಿಮೇಕ್ ಸದ್ದಿಲ್ಲದೆ ಕೆಳಗಿನ ಸ್ಟ್ಯಾಂಡರ್ಡಿಗೆ ಇಳಿಯುತ್ತದೆ. ಸೆಂಟ್‌ಓಎಸ್ 7ರ ಜಿಸಿಸಿ 4.8ರಲ್ಲಿ ಹೀಗೆ ಇಳಿದ ಬಿಲ್ಡ್, ಸಿ++17ರ ಸ್ಟ್ರಿಂಗ್_ವ್ಯೂ ಹೆಡರ್ ಸಿಗಲಿಲ್ಲ ಎಂದು ಎಲ್ಲೋ ಮಧ್ಯದಲ್ಲಿ ಮುಗ್ಗರಿಸುತ್ತದೆ. ಆನ್ ಇದ್ದರೆ ಕಂಪೈಲಿಗೂ ಮೊದಲಿನ ಕಾನ್ಫಿಗರ್ ಹಂತದಲ್ಲೇ ನಿಂತು ಕಾರಣ ಹೇಳುತ್ತದೆ.

‘ಎಕ್ಸ್‌ಟೆನ್ಷನ್ಸ್’ ಆಫ್ ಮಾಡದಿದ್ದರೆ ಸಿಗುವುದು ಜಿಎನ್‌ಯು++17, ಅಂದರೆ ಕಂಪೈಲರಿನ ಸ್ವಂತ ಸೇರ್ಪಡೆಗಳಿರುವ ಸಿ++17. ಆ ಮೋಡಿನಲ್ಲಿ, ಲಿನಕ್ಸ್ ಮೇಲೆ, linux ಅಕ್ಷರಗಳ ಮ್ಯಾಕ್ರೋ ಒಂದಿದೆ, ಬೆಲೆ 1. ಅದೇ ಹೆಸರಿನ ವೇರಿಯಬಲ್ ಇಟ್ಟರೆ ಕಂಪೈಲರಿಗೆ ಕಾಣುವುದು ಬರೀ 1 ಎಂಬ ಅಂಕಿ. ಎರರ್ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ.

“17 ಅಥವಾ ಹೆಚ್ಚು ಇದ್ದರೆ ಸಾಕು ಎಂದು ಹೇಳಿಬಿಡಿ” ಎನ್ನುವವರಿದ್ದಾರೆ. ಹೆಚ್ಚಾದರೆ ಒಳ್ಳೆಯದೇ ಎಂಬುದು ಅಲ್ಲಿನ ಎಣಿಕೆ. “ಕನ್ನಡ” ಎಂಬ ಪದಕ್ಕೆ ಯು8 (ಯುಟಿಎಫ್-8) ಗುರುತು ಹಚ್ಚಿ ಒಂದು ಚಾರ್ ಪಾಯಿಂಟರಿಗೆ ಕೊಡಿ. ಸಿ++17ರಲ್ಲಿ ಸಲೀಸು. ಸಿ++20ರಲ್ಲಿ ಎರರ್: ಬೈಟುಗಳು ಅದೇ 15, ಆದರೆ ಟೈಪ್ ಚಾರ್8_ಟಿ ಆಗಿಬಿಟ್ಟಿದೆ. ಕನಿಷ್ಠ ಹೇಳುವ ವಿಧಾನದಲ್ಲಿ ಗರಿಷ್ಠ ಹೇಳಲು ದಾರಿಯೇ ಇಲ್ಲ.

ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಹಂತದ ಏಟು ಇನ್ನೂ ಜೋರು. ಅಬ್ಸೀಲ್ ಲೈಬ್ರರಿಯಲ್ಲಿ ಸಿ++14ರ ಬೆಂಬಲ ಇದ್ದಷ್ಟು ಕಾಲ ಅದರ ಸ್ಟ್ರಿಂಗ್_ವ್ಯೂ 14ರಲ್ಲಿ ಸ್ವಂತ ಕ್ಲಾಸ್, 17ರಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯದಕ್ಕೆ ಇಟ್ಟ ಇನ್ನೊಂದು ಹೆಸರು. ಲೈಬ್ರರಿ ಒಂದರಲ್ಲಿ, ಆ್ಯಪ್ ಇನ್ನೊಂದರಲ್ಲಿ ಕಂಪೈಲ್ ಆದರೆ ಎರಡೂ ಕಡೆ ಕಂಪೈಲ್ ಮುಗಿದು, ಕೊನೆಯಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಸಾಲುಗಟ್ಟಿ ಬರುತ್ತವೆ. ಮೇಲಿನ ಫೈಲಿನಲ್ಲಿ ಒಂದೇ ಸಂಖ್ಯೆ ಇದ್ದು ಕೆಳಗಿನ ಎಲ್ಲ ಡೈರೆಕ್ಟರಿಗೂ ಹರಿದರೆ ಈ ಪಾಡಿಲ್ಲ.

ವಿರೋಧ: ಲೈಬ್ರರಿ ಕನಿಷ್ಠವನ್ನಷ್ಟೇ ಹೇಳಲಿ

ಅಬ್ಸೀಲ್ ಉದಾಹರಣೆ ನಿಜ, ಆದರೆ ಅದು ನಮ್ಮ ಪಕ್ಷದ ಸಾಕ್ಷಿ. ಹತ್ತು ಲೈಬ್ರರಿಗಳು ತಮ್ಮ ತಮ್ಮ ಫೈಲಿನಲ್ಲಿ ತಮಗೆ ಬೇಕಾದ ಸಂಖ್ಯೆಯನ್ನು ಗಟ್ಟಿ ಮಾಡಿಟ್ಟರೆ ಅವೆಲ್ಲ ಒಂದಾಗುವುದು ಹೇಗೆ? ಎಲ್ಲವನ್ನೂ ಕೂಡಿಸಿ ಬೈನರಿ ಕಟ್ಟುವವರಿಗೆ ಮಾತ್ರ ಆ ತೀರ್ಮಾನ ಸಾಧ್ಯ. ಮೂರು ಸಾಲಿನ ಪದ್ಧತಿ ಅವರ ಕೈಯನ್ನೇ ಕಟ್ಟುತ್ತದೆ.

ಪರೀಕ್ಷಿಸಿ ನೋಡಿ. ಫೈಲಿನಲ್ಲಿ 17 ಇರುವ ಪ್ರಾಜೆಕ್ಟನ್ನು ಕಮಾಂಡ್ ಲೈನಿನಲ್ಲಿ ಮೈನಸ್ ಡಿ ಹಾಕಿ 20 ಎಂದು ಕಾನ್ಫಿಗರ್ ಮಾಡಿ, ಕಂಪೈಲ್ ಕಮಾಂಡುಗಳ ಜೇಸನ್ ಫೈಲ್ ಬರೆಸಿ. ಕಮಾಂಡ್ ಲೈನಿನಲ್ಲಿ ಕೊಟ್ಟ ಬೆಲೆಗಳನ್ನು ನೆನಪಿಡುವ ಸಿಮೇಕ್ ಕ್ಯಾಶ್ ಫೈಲಿನಲ್ಲಿ 20 ಇರುತ್ತದೆ. ಜೇಸನ್ ಫೈಲಿನ ಎಸ್‌ಟಿಡಿ ಫ್ಲ್ಯಾಗಿನಲ್ಲಿ ನೋಡಿದರೆ 17! ಫೈಲಿನೊಳಗಿನ ‘ಸೆಟ್’ ಮಾಡಿದ ಸಾಮಾನ್ಯ ವೇರಿಯಬಲ್, ಅದೇ ಹೆಸರಿನ ಕ್ಯಾಶ್ ವೇರಿಯಬಲ್ಲನ್ನು ಮರೆಮಾಡುತ್ತದೆ. ಬಳಕೆದಾರರ ಮಾತು ಗಾಳಿಗೆ ಹೋಯಿತೆಂದು ಯಾರೂ ಹೇಳುವುದಿಲ್ಲ.

ಸರಿಯಾದ ಸಲಕರಣೆ ಟಾರ್ಗೆಟ್_ಕಂಪೈಲ್_ಫೀಚರ್ಸ್. ಟಾರ್ಗೆಟ್ ಹೆಸರು, ಪಬ್ಲಿಕ್, ಸಿಎಕ್ಸ್‌ಎಕ್ಸ್_ಎಸ್‌ಟಿಡಿ_17: ಒಂದೇ ಸಾಲು. ಸಿಮೇಕ್ 3.8ರಿಂದ ಇದೆ (20 ಬೇಕಿದ್ದರೆ 3.12). ಪಬ್ಲಿಕ್ ಆದ್ದರಿಂದ ಲಿಂಕ್ ಮಾಡುವವರಿಗೂ, ಇನ್‌ಸ್ಟಾಲ್ ಆದ ಪ್ಯಾಕೇಜನ್ನು ಹುಡುಕಿ ಬಳಸುವವರಿಗೂ ದಾಟುತ್ತದೆ. ಆ ಮೂರು ಸಾಲು ದಾಟುವುದಿಲ್ಲ. ನಿಮ್ಮ ಹೆಡರಿನಲ್ಲಿ ಸಿ++17ರ ಆಪ್ಷನಲ್ ಟೈಪ್ ಇದ್ದು, ಬಳಸುವವರ ಜಿಸಿಸಿ 9 ಡೀಫಾಲ್ಟಾಗಿ 14ರಲ್ಲಿದ್ದರೆ, ನಿಮ್ಮ ಲೈಬ್ರರಿ ಚೆನ್ನಾಗಿ ಬಿಲ್ಡ್ ಆಗಿ ಅವರ ಆ್ಯಪ್ ಬೀಳುತ್ತದೆ. ಕಂಪೈಲರಿಗೆ ಆ ಸ್ಟ್ಯಾಂಡರ್ಡ್ ಗೊತ್ತೇ ಇಲ್ಲದಿದ್ದರೆ ಈ ಸಾಲು ಕಾನ್ಫಿಗರ್‌ನಲ್ಲೇ ತಡೆಯುತ್ತದೆ, ಬೇರೆ ‘ರಿಕ್ವೈರ್ಡ್’ ಬೇಡ.

ಚಾರ್8_ಟಿ ವಿಷಯದಲ್ಲಿ 17ಕ್ಕೆ ಮೊಳೆ ಹೊಡೆಯುವುದೆಂದರೆ ರೋಗವನ್ನು ಬಚ್ಚಿಟ್ಟಂತೆ. ಆ ಹೆಡರ್ 20ರ ಆ್ಯಪಿಗೆ ಸೇರಿದ ದಿನ ಹೇಗೂ ಒಡೆಯುತ್ತದೆ, ಏಕೆಂದರೆ ಹೆಡರ್ ಕಂಪೈಲ್ ಆಗುವುದು ಸೇರಿಸಿಕೊಂಡವರ ಸ್ಟ್ಯಾಂಡರ್ಡಿನಲ್ಲಿ. ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಬಿಲ್ಡ್ ಮಾಡಿ ನೋಡುವ ವ್ಯವಸ್ಥೆ) 17 ಒಂದು, 20 ಒಂದು ಬಿಲ್ಡ್ ಇಟ್ಟರೆ ಮೊದಲೇ ಸಿಕ್ಕಿಬೀಳುತ್ತದೆ. ಫೈಲಿನಲ್ಲಿ ಸಂಖ್ಯೆ ಗಟ್ಟಿಯಾಗಿದ್ದರೆ ಎರಡೂ ಬಿಲ್ಡ್ 17ರಲ್ಲೇ ಓಡಿ ಹಸಿರು ಬರುತ್ತವೆ.

ಸಂಖ್ಯೆ ಬರೆದ ಮಾತ್ರಕ್ಕೆ ಎಲ್ಲವೂ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಉಬುಂಟು 22.04ರ ಜಿಸಿಸಿ 11ಕ್ಕೆ 20 ಹೇಳಿದರೆ ‘ರಿಕ್ವೈರ್ಡ್’ ತೃಪ್ತಿಯಾಗುತ್ತದೆ, ಆದರೆ ಸಿ++20ರ ಫಾರ್ಮ್ಯಾಟ್ ಹೆಡರ್ ಬಂದದ್ದು ಜಿಸಿಸಿ 13ರಲ್ಲಿ. ‘ಎಕ್ಸ್‌ಟೆನ್ಷನ್ಸ್’ ಆಫ್ ಕೂಡ ಪುಕ್ಕಟೆಯಲ್ಲ: ವಿಂಡೋಸ್‌ನ ಮಿನ್‌ಜಿಡಬ್ಲ್ಯೂ ಕಂಪೈಲರಿನಲ್ಲಿ ಗಣಿತ ಹೆಡರಿನ ಪೈ ಬೆಲೆ ಕೊಡುವ ಎಂ_ಪಿಐ ಮಾಯವಾಗುತ್ತದೆ.

ಯಾರೂ ಲಿಂಕ್ ಮಾಡದ ಆ್ಯಪ್ ಆದರೆ ಮೂರು ಸಾಲು ಬರೆದುಕೊಳ್ಳಲಿ, ತಕರಾರಿಲ್ಲ. ಆಗಲೂ ‘ಸೆಟ್’ ಸಾಲನ್ನು, ಸಿಮೇಕ್_ಸಿಎಕ್ಸ್‌ಎಕ್ಸ್_ಸ್ಟ್ಯಾಂಡರ್ಡಿಗೆ ಮೊದಲೇ ಬೆಲೆ ಇಲ್ಲದಿದ್ದರೆ ಮಾತ್ರ ಎಂಬ ‘ಇಫ್’ ಒಳಗಿಡಿ. ಕಮಾಂಡ್ ಲೈನಿನ 20 ಆಗ ಬದುಕುತ್ತದೆ.